ಎಲ್ಲ ಬಿಡಿಸಿಡುತ್ತಿದ್ದ ಸುಜಾತಾ

ಸುಜಾತಾಳ ಬುತ್ತಿ ನೋಡಿದರೇ ನನಗೆ ತಲೆ ಕೆಡುತ್ತಿತ್ತು. ರೊಟ್ಟಿಗೊಂದು ಡಬ್ಬಿ, ಪುಂಡಿ ಪಲ್ಲೆಗೊಂದು, ಶೇಂಗಾ ಹಿಂಡಿಗೊಂದು, ಕೊನೆಗೆ ಉಪ್ಪಿಗೂ ಒಂದು! ಯಾವುದೂ ಯಾವುದಕ್ಕೂ ತಾಗಬಾರದು. ತನ್ನ ಊರು ಕುರ್ಡಿಯಿಂದ ದಿನಾ ಬಸ್ಸಿನಲ್ಲಿ ಇಷ್ಟನ್ನೂ ಹೊತ್ತು ತರುತ್ತಿದ್ದಳು.

ರಾಯಚೂರಿನಲ್ಲಿ ನನ್ನದೊಂದು ಸಣ್ಣ ಸಾಫ್ಟ್‌ವೇರ್ ಅಂಗಡಿ. ಮಿಲ್ಲುಗಳಲ್ಲಿ ಗಾಡಿ ತೂಗುವ ವೇಬ್ರಿಡ್ಜ್‌ನಿಂದ ತೂಕದ ಚೀಟಿ ಬರುವ ವ್ಯವಸ್ಥೆ ಮಾಡಿಕೊಡುತ್ತೇವೆ. ಸುಜಾತಾ ಕೆಲಸಕ್ಕೆ ಸೇರಿದ ವಾರದಲ್ಲೇ, ಚೆನ್ನಾಗಿ ನಡೆಯುತ್ತಿದ್ದ ನನ್ನ ಪ್ರೋಗ್ರಾಮನ್ನು ಚೂರು ಚೂರು ಮಾಡಿದಳು. ಒಂದೊಂದು ಚೂರಿಗೂ ತನ್ನಷ್ಟಕ್ಕೇ ನಡೆಯುವ ಒಂದು ಡಬ್ಬಿ, ಅದಕ್ಕೆ ಕಂಟೇನರ್ ಎನ್ನುತ್ತಾರೆ: ತೂಕ ಓದಲು ಒಂದು ಕಂಟೇನರ್, ಚೀಲದ ತೂಕ ಕಳೆಯಲು ಒಂದು, ಚೀಟಿ ಮುದ್ರಿಸಲು ಇನ್ನೊಂದು.

“ಯವ್ವಾ, ನಡಿಯೂದನ್ನ ಯಾಕ ಕೆಡವಾಕತ್ತಿ?”

“ಕೆಡವಾಕತ್ತಿಲ್ರಿ ಅಣ್ಣಾ, ಬಿಡಸಾಕತ್ತೀನಿ. ಒಂದು ಕೆಟ್ರ ಅದೊಂದನ್ನ ತಗದು ಬ್ಯಾರೇದು ಹಾಕಬೇಕು. ಒಮ್ಮಿ ಮಾಡಿದ್ದು ಹತ್ತು ಮಿಲ್ಲಿಗೆ ಬರಬೇಕು.”

ಗಿರಾಕಿ ಫೋನಿನಲ್ಲಿ ಬೊಬ್ಬೆ ಹೊಡೆಯುತ್ತಿದ್ದರೂ ಈ ಮಹಾತಾಯಿ “ಇನ್ನಾ ಸ್ವಲ್ಪ ಬಿಡಸೂದು ಅದರೀ” ಎನ್ನುತ್ತಿದ್ದಳು. ಏನು ಮಾಡಬೇಕು ಇಂಥವಳಿಗೆ!

ದೇವದುರ್ಗದ ಹತ್ತಿ ಮಿಲ್ಲು ನಮ್ಮ ದೊಡ್ಡ ಗಿರಾಕಿ. ಅದರಿಂದಲೇ ಅಂಗಡಿ ನಡೆಯುತ್ತಿತ್ತು. ಮಾನ್ವಿಯ ಭತ್ತದ ಮಿಲ್ಲಿಗೆ ಮಾಡಿದ್ದ ಕಂಟೇನರ್‌ಗಳನ್ನೇ ಸುಜಾತಾ ಅಲ್ಲಿಗೂ ಜೋಡಿಸಿದಳು. ಭತ್ತ ಚೀಲದಲ್ಲಿ ಬರುತ್ತದೆ; ಆ ಮಿಲ್ಲಿಗೆ ಹತ್ತಿ ಟ್ರ್ಯಾಕ್ಟರಿನಲ್ಲಿ ಸುರಿದುಕೊಂಡು ಬರುತ್ತದೆ. ಇಲ್ಲದ ಚೀಲದ ತೂಕ ಪ್ರತಿ ಗಾಡಿಯಲ್ಲೂ ಕಡಿತವಾಗುತ್ತ ಹೋಯಿತು. ಹತ್ತಿ ಮಾರಲು ತಂದಿದ್ದ ಗಬ್ಬೂರಿನ ಹೆಂಗಸೊಬ್ಬಳು ಚೀಟಿ ಹಿಡಿದು ಜಗಳಕ್ಕೆ ನಿಂತಳು: “ಚೀಲನ ಇಲ್ಲ, ಚೀಲದ ತೂಕ ಯಾಕ ಕಡದೀರಿ?”

ಸುಜಾತಾಳ ಮುಖ ಸಪ್ಪಗಾಯಿತು. ಕಡಿತವಾದಷ್ಟೂ ಲಾಭವಿದ್ದ ಮಿಲ್ಲಿನ ಮಾಲೀಕರು ಮಾತ್ರ ನಕ್ಕರು. “ಇರ್ಲಿ ಬಿಡ್ರಿ ಮೇಡಂ, ಹಂಗ ಇರ್ಲಿ.”

“ತಪ್ಪು ನಂದರೀ. ಈಗ ತಗೀತೀನಿ. ಕೊಟ್ಟ ಚೀಟಿ ಎಲ್ಲಾ ತಿದ್ದಬೇಕ್ರಿ.”

ನಾನು ಹಲ್ಲು ಕಡಿದು ಪಿಸುಗುಟ್ಟಿದೆ: “ಸುಮ್ನಿರು ತಾಯಿ, ಅಂಗಡಿ ಮುಳಗ್ತದ!”

ಕೇಳಿದಳೇ? ಚೀಲದ ತೂಕ ಕಳೆಯುವ ಆ ಒಂದೇ ಕಂಟೇನರ್ ತೆಗೆದಳು. ಉಳಿದದ್ದೆಲ್ಲ ನಡೆಯುತ್ತಲೇ ಇತ್ತು. ಹಳೆಯ ಚೀಟಿಗಳನ್ನು ತಿದ್ದಿಸಿಯೇ ಎದ್ದಳು. ಮರುವಾರ ಮಾಲೀಕರು ಬೇರೆಯವರನ್ನು ಹಿಡಿದರು. ವರ್ಷವಿಡೀ ಅದನ್ನೇ ಎತ್ತಿ ಎತ್ತಿ ಅವಳನ್ನು ಬೈದೆ. ಬೈಯುತ್ತಿದ್ದರೆ ರೊಟ್ಟಿ ಮುರಿದು ನನ್ನ ಮುಂದಿಡುತ್ತಿದ್ದಳು. “ಮೊದಲ ಉಣ್ರಿ ಅಣ್ಣಾ, ಆಮ್ಯಾಲೆ ಬೈಯ್ರಿ.”

ಹೋದ ಮಳೆಗಾಲದಲ್ಲಿ ಡೆಂಗಿ ಜ್ವರ ಬಂದು ಸುಜಾತಾ ತೀರಿಕೊಂಡಳು. ಸಾಯುವ ವಯಸ್ಸೇ ಅದು?

ಮೊನ್ನೆ ಮಾನ್ವಿ ಕಡೆಯ ಹೊಸ ರೈಸ್ ಮಿಲ್ಲಿನ ಮಾಲೀಕರೊಬ್ಬರು ಬಂದಿದ್ದರು. “ಚೀಲದ ಲೆಕ್ಕದಾಗ ಒಂಚೂರು ಹೆಚ್ಚಿಗಿ ಕಡಿಯೂವಂಗ ಮಾಡಿಕೊಡ್ರಿ. ಯಾರಿಗೂ ಗೊತ್ತಾಗಂಗಿಲ್ಲ.” ಕೈಯಲ್ಲಿ ಬೇರೆ ಕೆಲಸವಿರಲಿಲ್ಲ. ಆದರೂ ನನ್ನ ಬಾಯಿಂದ “ಆಗಂಗಿಲ್ರಿ” ಎಂದು ಬಂದುಬಿಟ್ಟಿತು. ಅವರು ಎದ್ದು ಹೋದರು. ನನಗೆ ಮೈಯೆಲ್ಲ ಉರಿಯಿತು. ಎಲ್ಲಾ ಆಕೆಯಿಂದಲೇ! ನನ್ನನ್ನೂ ಕೆಡಿಸಿ ಹೋದಳು! ಅದೇ ಸಿಟ್ಟಿನಲ್ಲಿ ಫೋನ್ ತೆಗೆದು ಅವಳ ಹೆಸರು ಒತ್ತಿಯೇಬಿಟ್ಟೆ.

ಅವಳ ಅವ್ವ ಎತ್ತಿದರು. ನನ್ನ ಹೆಸರು ಫೋನಿನಲ್ಲೇ ಕಂಡಿರಬೇಕು.

“ಸಾಹೇಬ್ರ,” ಅಂದರು, “ಆಕಿನ್ನ ಬೈಯಾಕ ಫೋನ್ ಮಾಡೀರೇನ್ರಿ?”

“ಹೌದವ್ವಾ,” ಅಂದೆ.