ಬೂರುಗ ಬಿರಿಯುವ ಮೊದಲು

ಬೆಳಕು ಹರಿಯುವ ಹೊತ್ತು. ಕಿಟಕಿಗಳೆಲ್ಲ ಮುಚ್ಚಿವೆ, ಫ್ಯಾನ್ ನಿಂತಿದೆ. ಮೂಗಿಗೆ ಬಟ್ಟೆ ಕಟ್ಟಿಕೊಂಡ ಮಹಿಳೆಯೊಬ್ಬರು ದೊಡ್ಡ ಬುಟ್ಟಿಗೆ ಬೆಡ್‌ಶೀಟ್ ಹೊದಿಸಿ, ಒಳಗೆ ಕೋಲು ತೂರಿಸಿ ಗರಗರ ತಿರುಗಿಸುತ್ತಿದ್ದಾರೆ. "ಸೀನು ಬಂದ್ರೆ ಮೊದ್ಲು ಹೊರಗೆ ಓಡ್ಬಿಡಿ," ಎಂದು ನನಗೆ ತಾಕೀತು. "ಒಂದು ಸೀನಿಗೆ ಅರ್ಧ ದಿಂಬು ಗಾಳಿಪಾಲು!"

ಬೀದಿಯವರಿಗೆ ಇವರು ದಿಂಬಿನಕ್ಕ. ಬೂರುಗದ ಕಾಯಿಯೊಳಗಿನ ನುಣುಪಾದ ಅರಳೆಯನ್ನು ಬಿಡಿಸಿ ದಿಂಬು ಹೊಲಿಯುವುದು ಕಸುಬು. ಕೋಲು ತಿರುಗಿದಂತೆ ಅರಳೆ ಮೇಲೇಳುತ್ತದೆ, ಬೀಜ ತಳ ಸೇರುತ್ತದೆ. ಬೀಜ ಎಣ್ಣೆ ತೆಗೆಯುವವರಿಗೆ, ಸಿಪ್ಪೆ ಒಲೆಗೆ. ದಿಂಬಿನಲ್ಲಿ ಮಾತ್ರ ಬೀಜ ಉಳಿಯಕೂಡದು. "ಇಲಿ ದಿಂಬು ಹರಿಯೋದು ಬೀಜಕ್ಕೆ. ಇಲಿಗೇನು ನಿದ್ದೆ ಬೇಕಾ?" ಎಂದು ನಗುತ್ತಾರೆ.

ಮರ ಇರುವುದು ಮನೆಯ ಹಿಂದೆ, ಎತ್ತರದ ವಸತಿ ಕಟ್ಟಡಕ್ಕೆ ಒತ್ತಿಕೊಂಡು. ಎಲೆಯುದುರಿಸಿ ಕೆಂಪಗೆ ಹೂ ಬಿಟ್ಟಾಗ ಎಲ್ಲರೂ ಫೋಟೊ ತೆಗೆಯುತ್ತಾರೆ. ಕಾಯಿ ಒಡೆದು ಅರಳೆ ಹಾರಿ, ಒಗೆದ ಬಟ್ಟೆಗೆಲ್ಲ ಮೆತ್ತಿಕೊಂಡಾಗ ಅದೇ ಜನ ಕೊಡಲಿ ಕೇಳುತ್ತಾರೆ. ಎರಡು ವರ್ಷದ ಹಿಂದೆ ಕಟ್ಟಡದವರ ಸಭೆಯಲ್ಲಿ ಕಡಿಯುವುದೆಂದೇ ತೀರ್ಮಾನವಾಗಿತ್ತು. ದಿಂಬಿನಕ್ಕ ಕೈಮುಗಿದು ಮಾತು ಕೊಟ್ಟರು: ಇನ್ನು ಒಂದು ಕಾಯಿಯೂ ಮರದ ಮೇಲೆ ಒಡೆಯುವುದಿಲ್ಲ, ಒಡೆದರೆ ಕಡಿಯಿರಿ.

ಕಳೆದ ವರ್ಷ ಆ ಭಯಕ್ಕೇ ಎಡವಟ್ಟಾಯಿತು. ಹಸಿರಿರುವಾಗಲೇ ಎಲ್ಲ ಇಳಿಸಿಬಿಟ್ಟರು. ಎಷ್ಟು ಒಣಗಿಸಿದರೂ ಅರಳೆ ಬಿಚ್ಚಿಕೊಳ್ಳಲಿಲ್ಲ. ಕೊಂಡವರೆಲ್ಲ ಗಂಟುಗಂಟಾದ ದಿಂಬು ಹಿಡಿದು ವಾಪಸ್ ಬಂದರು. "ಮರ ಉಳೀತು, ಮಾನ ಹೋಯ್ತು," ಎನ್ನುತ್ತಾರೆ. ಹಾಗಾಗಿ ಈ ಸಲ ಕಾಯಿ ಕಂದು ತಿರುಗುವವರೆಗೂ ಜೀವ ಕೈಯಲ್ಲಿ ಹಿಡಿದು ಕಾದಿದ್ದಾರೆ. ಕಾಂಡದ ತುಂಬ ಮುಳ್ಳು, ಹತ್ತುವಂತಿಲ್ಲ. ಏಣಿ ಮತ್ತು ಕೊಕ್ಕೆ ಕಟ್ಟಿದ ದೋಟಿಯೇ ಗತಿ. ಹಾಗೇ ದಿನಕ್ಕಿಷ್ಟು ಕಿತ್ತು, ನಿನ್ನೆಗೆ ಎಲ್ಲ ಇಳಿಸಿ ಮುಗಿಸಿದ್ದಾರೆ.

ಏನಾದರೂ ಉಳಿದಿದೆಯೇ ನೋಡಲು ಬಿಸಿಲೇರುವ ಮೊದಲೇ ನಾವು ಮರದಡಿ ಹೋಗುತ್ತೇವೆ. ಏಣಿ ಹಿಡಿದ ಅವರ ತಮ್ಮ ಮೇಲೆ ನೋಡಿ, "ಅಯ್ಯಯ್ಯೋ ಅಕ್ಕಾ!" ಎನ್ನುತ್ತಾನೆ. ಎಲ್ಲ ಇಳಿದಿವೆ ಅಂದುಕೊಂಡಿದ್ದರೆ ತುತ್ತತುದಿಯಲ್ಲಿ ಒಂದು ಕಾಯಿ ಉಳಿದಿದೆ. ಬಿರುಕು ಬಿಟ್ಟಿದೆ, ಬಿಸಿಲು ತಾಗಿದರೆ ಒಡೆದೇಬಿಡುತ್ತದೆ. ದೋಟಿ ಎಟುಕುತ್ತಿಲ್ಲ. ಎಟುಕುವುದು ಮೂರನೇ ಮಹಡಿಯ ಬಾಲ್ಕನಿಯಿಂದ. ಅಲ್ಲಿರುವ ನಿವೃತ್ತ ಟೀಚರ್‌ಗೆ ಉಬ್ಬಸ. ಮರ ಕಡಿಸಲು ಮೊದಲು ಕೈಯೆತ್ತಿದವರು ಅವರೇ.

ಅವರನ್ನು ಕೇಳಲಾರದೆ ದಿಂಬಿನಕ್ಕ ಇನ್ನೊಮ್ಮೆ ದೋಟಿ ಚಾಚುತ್ತಾರೆ. ಕೊನೆಗೆ ತಮ್ಮನೇ ಕೂಗುತ್ತಾನೆ: "ಟೀಚರಮ್ಮಾ, ಆ ಕಾಯಿ ಸ್ವಲ್ಪ ಕಿತ್ತುಕೊಡ್ತೀರಾ?"

ಟೀಚರ್ ಹೊರಬಂದು ಬಿರುಕನ್ನು ನೋಡುತ್ತಾರೆ. ಅವರು ಸುಮ್ಮನೆ ಒಳಗೆ ಹೋದರೂ ಸಾಕು, ಮರದ ಕತೆ ಮುಗಿಯಿತು. ಒಳಗೆ ಹೋಗಿಯೂ ಹೋಗುತ್ತಾರೆ. ದಿಂಬಿನಕ್ಕ ಕಣ್ಣು ಮುಚ್ಚಿಕೊಳ್ಳುತ್ತಾರೆ. ಆದರೆ ಟೀಚರ್ ಮೂಗಿಗೆ ಟವೆಲ್ ಬಿಗಿದುಕೊಂಡು ಮತ್ತೆ ಬರುತ್ತಾರೆ. ಬಟ್ಟೆ ಹರವುವ ಕೋಲಿನಿಂದ ಕೊಂಬೆ ಎಳೆದು, ಕಾಯಿ ಕಿತ್ತು, ಪ್ಲಾಸ್ಟಿಕ್ ಕವರಿಗೆ ಹಾಕಿ ಗಂಟು ಬಿಗಿದು ಕೆಳಗೆ ಬಿಡುತ್ತಾರೆ.

"ಅಲ್ಲ ಕಣೇ, ಹೋದ ವರ್ಷಾನೇ ಕೇಳ್ಬಾರ್ದಾಗಿತ್ತಾ? ನಾನೇನು ಹುಲಿನಾ?" ಎಂದು ಬೈದು ಬಾಗಿಲು ಹಾಕಿಕೊಳ್ಳುತ್ತಾರೆ.

ದಿಂಬಿನಕ್ಕ ಕವರು ಎತ್ತಿಕೊಳ್ಳುತ್ತಾರೆ. ನಿಮ್ಮ ಆಸೆ ಏನು ಎಂದು ಕೇಳುತ್ತೇನೆ.

"ಮರ ಮುಂದಿನ ವರ್ಷನೂ ಹೂ ಬಿಡ್ಲಿ ಸಾಕು. ಕಾಯಿ ಕಂದು ತಿರುಗಿದ ಕೂಡ್ಲೇ ಮೊದ್ಲು ಹೋಗಿ ಟೀಚರಮ್ಮನ ಬಾಗಿಲು ತಟ್ತೀನಿ."