ಸೋಪಕ್ಕ ಮಣ್ಣು ತೊಳೆದದ್ದು

ನಮ್ಮ ಅತ್ತೆ, ಅಂದರೆ ಅಪ್ಪನ ಅಕ್ಕ, ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ದುಡಿದೇ ತಲೆ ಬೆಳ್ಳಗೆ ಮಾಡಿಕೊಂಡವಳು. ಅಲ್ಲಿ ಎಲ್ಲರಿಗೂ ಅವಳು ಸೋಪಕ್ಕ. ಮನೆಯಲ್ಲಿ ನಲ್ಲಿಯನ್ನು ತೊಳೆಯದೆ ನೀರು ಹಿಡಿದವಳಲ್ಲ. ಅವಳ ಮನೆಯಲ್ಲೇ ಉಂಡು, ಮಲಗಿ, ಕಚೇರಿಯೊಂದರಲ್ಲಿ ಕುರ್ಚಿ ಬಿಸಿ ಮಾಡುವ ಸಂಬಳದ ಪ್ರಾಣಿ ನಾನು.

ಅತ್ತೆಯ ನಿವೃತ್ತಿ ಹತ್ತಿರ ಬಂದಾಗ ಅಲ್ಲಿನ ಇಸ್ತ್ರಿಯವನು ಎಲ್ಲರೆದುರು ಕೆಣಕಿದನಂತೆ: "ಸೋಪಕ್ಕ, ಜೀವನ ಪೂರ್ತಿ ಕಲೆ ತೆಗೆದ್ರಿ, ಸರಿ. ಯಾವತ್ತಾದ್ರೂ ಏನಾದ್ರೂ ಬೆಳೆಸಿದ್ದೀರಾ?"

"ಬೀಳ್ಕೊಡುಗೆ ದಿನ ನಾನೇ ಬೆಳೆದ ಕುಂಬಳಕಾಯಿ ತಂದು ನಿನ್ನ ಮೇಜಿನ ಮೇಲಿಡದಿದ್ರೆ ನಾನು ಸೋಪಕ್ಕನೇ ಅಲ್ಲ!"

ಸವಾಲು ಹಾಕಿ ಬಂದವಳು ಮೊದಲು ಮಾಡಿದ ಕೆಲಸ, ಮಣ್ಣು ತೊಳೆದದ್ದು. ಬಕೆಟ್ಟಿಗೆ ಸೋಪಿನ ಪುಡಿ ಹಾಕಿ, ಕಲಕಿ, ನೀರು ಬದಲಿಸಿ ಬದಲಿಸಿ, ತಾರಸಿಯ ಕುಂಡಕ್ಕೆ ತುಂಬಿದಳು. ಎರೆಹುಳಗಳನ್ನು ಚಿಮುಟದಲ್ಲಿ ಹಿಡಿದು ಗಡೀಪಾರು ಮಾಡಿ, ಕುಂಬಳದ ಬೀಜ ಊರಿದಳು. ಓದಿಕೊಂಡ ನಾನು ಬುದ್ಧಿ ಹೇಳಬೇಕಿತ್ತು. ಬಕೆಟ್ ಹಿಡಿದುಕೊಂಡು ನಿಂತಿದ್ದೆ.

ಸಸಿ ಎರಡೆಲೆ ಬಿಟ್ಟು, ಹಳದಿಯಾಗಿ, ತಲೆ ಜೋಲು ಹಾಕಿತು.

"ಏನಾಯ್ತೋ ಇದಕ್ಕೆ? ಇಷ್ಟು ಚೊಕ್ಕವಾಗಿ ನೋಡ್ಕೊಂಡಿದ್ದೀನಿ!"

"ಹಸಿವು, ಅತ್ತೆ. ಅದರ ಊಟಾನೆಲ್ಲ ನೀನೇ ಚರಂಡಿಗೆ ಚೆಲ್ಲಿದ್ಯಲ್ಲ. ಉದುರಿದ ಎಲೆ ಕೊಳೀಬೇಕು, ಅದನ್ನ ಹುಳ ತಿನ್ಬೇಕು, ಹುಳದ ಹಿಕ್ಕೆ ಗಿಡಕ್ಕೆ ಊಟ. ಆ ಗಿಡ ಬಿಟ್ಟ ಗಾಳೀನೇ ನಾವು ಉಸಿರಾಡೋದು."

"ಅಂದ್ರೆ ನಾನು ಉಸಿರಾಡ್ತಿರೋದು ಹುಳದ..." ಅತ್ತೆ ಮೂಗು ಮುಚ್ಚಿಕೊಂಡಳು. ಸ್ವಲ್ಪ ಹೊತ್ತು ಉಸಿರಾಡದೆ ಇದ್ದು ನೋಡಿದಳು. ಆಗಲಿಲ್ಲ. "ಹೋಗು, ಹುಳ ತಗೊಂಡು ಬಾ," ಎಂದಳು.

ಹತ್ತಿರದ ಉದ್ಯಾನದ ಮೂಲೆ ಕೆದಕಿ ಹುಳ ತಂದೆ. ತಂದದ್ದು ನನ್ನ ಊಟದ ಡಬ್ಬಿಯಲ್ಲಿ ಎಂಬುದನ್ನು ಇವತ್ತಿಗೂ ಅವಳಿಗೆ ಹೇಳಿಲ್ಲ.

ಬಳ್ಳಿ ಹಬ್ಬಿತು, ಹೂ ಬಿಟ್ಟಿತು, ಕಾಯಿ ಮಾತ್ರ ಕಟ್ಟಲಿಲ್ಲ. ತಾರಸಿಗೆ ದಿನಾ ಫಿನಾಯಿಲ್ ಸುರಿದರೆ ಯಾವ ಜೇನ್ನೊಣ ಬಂದೀತು? ಆ ಖಾಲಿ ಹುದ್ದೆಗೆ ನನ್ನ ನೇಮಕವಾಯಿತು. ಬೆಳಗ್ಗೆದ್ದು ನನ್ನ ಶೇವಿಂಗ್ ಬ್ರಷ್ಷಿನಿಂದ ಒಂದು ಹೂವಿನ ಪುಡಿಯನ್ನು ಇನ್ನೊಂದಕ್ಕೆ ಬಳಿಯುವುದು. ಮೂಗಿಗೆ ಹಳದಿ ಮೆತ್ತಿಕೊಂಡೇ ಕಚೇರಿಗೆ ಹೋದೆ. ಮೇಲಧಿಕಾರಿ ದಿಟ್ಟಿಸಿ ನೋಡಿ, ಏನೂ ಕೇಳದಿರುವುದೇ ಕ್ಷೇಮವೆಂದು ಒಳಗೆ ಹೋದರು.

ಒಂದು ದಿನ ಪಕ್ಕದ ತಾರಸಿಯಲ್ಲಿ ಬಟ್ಟೆ ಹರವುತ್ತಿದ್ದ ಅಜ್ಜಿ ಬಿದ್ದು ಬಿದ್ದು ನಕ್ಕಿತು. "ಅಯ್ಯೋ ಮಗಾ, ಗಂಡು ಹೂವಿಂದ ಗಂಡು ಹೂವಿಗೇ ಬಳೀತಿದ್ದೀಯಲ್ಲೋ! ಬುಡದಲ್ಲಿ ಪುಟ್ಟ ಕಾಯಿ ಇರೋದು ಹೆಣ್ಣು."

"ಇವನ ಮದುವೆಗೇ ಗತಿಯಿಲ್ಲ, ಇವನ ಕೈಲಿ ಹೂವಿನ ಮದುವೆ!" ಅತ್ತೆ ಕೆಂಡವಾದಳು. ನನ್ನನ್ನು ಹುದ್ದೆಯಿಂದ ಕಿತ್ತುಹಾಕಿ, ಬದುಕಿನಲ್ಲಿ ಮೊದಲ ಸಲ ಫಿನಾಯಿಲ್ ಬಾಟಲಿಯನ್ನು ಕಪಾಟಿಗಿಟ್ಟು ಬೀಗ ಹಾಕಿದಳು. ನಿಜವಾದ ಜೇನ್ನೊಣಗಳು ಬಂದವು.

ಬೀಳ್ಕೊಡುಗೆಯ ಹೊತ್ತಿಗೆ ಬಲಿತದ್ದು ಒಂದೇ ಕಾಯಿ, ಮುಷ್ಟಿಗಿಂತ ಕೊಂಚ ದಪ್ಪ. ಅದೂ ಮೋಟುಗೋಡೆಯಾಚೆ, ನನ್ನ ಬ್ರಷ್ಷು ಎಂದೂ ಎಟುಕದ ಕಡೆ. ಹೆಸರು ಗಿಟ್ಟಿಸಿಕೊಳ್ಳುವ ದಾರಿಯೂ ನನಗೆ ಮುಚ್ಚಿತು.

ನನ್ನನ್ನೂ ಜೊತೆಗೆ ಕರೆದೊಯ್ದಿದ್ದ ಅತ್ತೆ ಅದನ್ನು ಇಸ್ತ್ರಿ ಮೇಜಿನ ಬಿಳಿ ಹಾಸಿನ ಮೇಲೆ, ಮೆತ್ತಿದ್ದ ಮಣ್ಣಿನ ಸಮೇತ ಇಟ್ಟಳು.

"ಸೋಪಕ್ಕ, ಗೆದ್ರಿ ಬಿಡಿ," ಎಂದ ಇಸ್ತ್ರಿಯವನು. "ಆದ್ರೆ ಹಾಸು ಕೊಳೆಯಾಯ್ತಲ್ಲ! ಕಾಯಿ ಕೊಡಿ, ತೊಳ್ಕೊಂಡು ಬರ್ತೀನಿ."

ಅತ್ತೆ ಅವನ ಕೈಗೆ ಪಟ್ಟನೆ ಹೊಡೆದಳು. "ಮುಟ್ಟಿದ್ರೆ ಜೋಕೆ! ಇದಕ್ಕೆ ದುಡಿದವರೆಲ್ಲ ಆ ಮಣ್ಣಲ್ಲೇ ಇದ್ದಾರೆ."

ಆಮೇಲೆ ನನ್ನ ಕಡೆ ತಿರುಗಿದಳು.

"ಇವನೊಬ್ಬನನ್ನ ಬಿಟ್ಟು."