ಸ್ವೆಟರ್ ಮಾಮನ ಎರಡು ಪ್ರೊಸೆಸರ್

"ಅಮ್ಮಾ, ಸ್ವೆಟರ್ ಮಾಮ ಯಾಕೆ ಬಿಸಿಲಲ್ಲಿ ಗೇಟಿನ ಹೊರಗೆ ನಿಂತಿದಾರೆ? ತಪ್ಪು ಮಾಡಿದಾರಾ?"

ಮಗಳ ಶಿಶುವಿಹಾರದಲ್ಲಿ ತಪ್ಪು ಮಾಡಿದವರನ್ನು ಬಾಗಿಲಾಚೆ ನಿಲ್ಲಿಸುತ್ತಾರೆ. ಅವಳಿಗೆ ಗೊತ್ತಿರುವ ನ್ಯಾಯ ಅಷ್ಟೇ. "ನೀರು ಕುಡಿ" ಎಂದು ಮಾತು ತಿರುಗಿಸಿದೆ. ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಆ ಮಾಮ ನಮ್ಮ ಪರೀಕ್ಷಾ ಕಚೇರಿಯ ಸರ್ವರ್ ಕೋಣೆಯವರು. ಹದಿನಾಲ್ಕು ವರ್ಷದಿಂದ ಗುತ್ತಿಗೆ ನೌಕರ. ಎರಡು ವರ್ಷದಿಂದ ನಾನು ಅವರ ಸಹಾಯಕಿ. ಆ ಕೋಣೆಯ ತಂಪು ಇರುವುದು ಯಂತ್ರಕ್ಕಾಗಿ, ಮನುಷ್ಯರಿಗಲ್ಲ. ಹಾಗಾಗಿ ವರ್ಷವಿಡೀ ಅವರಿಗೆ ಕಂದು ಸ್ವೆಟರ್. ಮೊಣಕೈ ಹರಿದಲ್ಲಿ ಹೆಂಡತಿ ಹಸಿರು ಉಲ್ಲನ್ನಿನ ತೇಪೆ ಹಾಕಿದ್ದಾರೆ. "ಕಂದು ಸಿಗಲಿಲ್ವಾ ಅಣ್ಣಾ?" ಎಂದು ಒಮ್ಮೆ ಕೇಳಿದ್ದೆ. "ಸಿಗ್ತಿತ್ತು ತಂಗಿ. ನಾನು ಕಳೆದುಹೋದ್ರೆ ಗುರುತು ಹಿಡಿಯೋಕೆ ಇರಲಿ ಅಂತ ಹಾಕಿದಾಳೆ" ಎಂದಿದ್ದರು.

ನಮ್ಮ ಸರ್ವರಿನ ಹೊಟ್ಟೆಯಲ್ಲಿ ಹದಿನಾರು ಪ್ರೊಸೆಸರ್ ಇವೆ. ಹನ್ನೆರಡು ನಮ್ಮವು. ಉಳಿದ ನಾಲ್ಕು ಯಂತ್ರ ಮಾರಿದ ಕಂಪನಿಯವು, ಅಲ್ಲೇ ಇದ್ದರೂ ನಿದ್ದೆಯಲ್ಲಿರುತ್ತವೆ. ಫಲಿತಾಂಶದ ವಾರ ಲಕ್ಷಗಟ್ಟಲೆ ಮಕ್ಕಳು ಅಂಕ ನೋಡಲು ಮುಗಿಬೀಳುವಾಗ, ಕಂಪನಿಯಿಂದ ಪರವಾನಗಿ ಕೋಡ್ ತರಿಸಿ ಅವುಗಳನ್ನು ಹತ್ತು ದಿನಕ್ಕೆ ಎಬ್ಬಿಸಬೇಕು. ಮೂವತ್ತನಾಲ್ಕು ಅಕ್ಷರದ ಕೋಡನ್ನು ನಾನು ಓದುತ್ತೇನೆ, ಅವರು ಒತ್ತುತ್ತಾರೆ.

ಎಬ್ಬಿಸುವುದು ಸುಲಭ, ಮಲಗಿಸುವುದೇ ಪೇಚು. ಥೇಟ್ ನನ್ನ ಮಗಳ ಹಾಗೆ. ಮೊದಲು ಫಲಿತಾಂಶದ ವ್ಯವಸ್ಥೆಯ ಹಿಡಿತದಿಂದ ಪ್ರೊಸೆಸರನ್ನು ಬಿಡಿಸಬೇಕು, ಆಮೇಲೆ ಕಂಪನಿಗೆ ಹಿಂದಿರುಗಿಸಬೇಕು. ಬಿಡಿಸದೆ ಹಿಂದಿರುಗಿಸಿದರೂ ಯಂತ್ರ ಹೂಂ ಅನ್ನುತ್ತದೆ. ಆದರೆ ಪ್ರೊಸೆಸರ್ ಒಳಗೊಳಗೇ ದುಡಿಯುತ್ತಿರುತ್ತದೆ. ಅವಧಿ ಮೀರಿದ ಪ್ರತಿದಿನವೂ ಉಲ್ಲಂಘನೆ ಎಂದು ಕೋಡ್ ತರಿಸಿದವರ ಹೆಸರಿಗೆ ದಾಖಲಾಗುತ್ತದೆ. ಕೆಲಸಕ್ಕೆ ಸೇರಿದ ಮೊದಲ ವರ್ಷ ಅಣ್ಣ ಹಾಗೆ ಮಾಡಿ ಒಂಬತ್ತು ದಿನದ ಉಲ್ಲಂಘನೆ ಬರೆಸಿಕೊಂಡಿದ್ದರು. ಅಂದಿನಿಂದ ಪ್ರತಿ ಮೀಟಿಂಗಿನಲ್ಲೂ ನಮ್ಮ ಕಚೇರಿಯ ಸಾಹೇಬರದು ಅದೇ ಹಾಸ್ಯ: "ಏನಯ್ಯಾ, ಈ ಸಲ ವಾಪಸ್ ಕೊಟ್ಯಾ, ಇಲ್ಲಾ ಜೇಬಲ್ಲಿಟ್ಕೊಂಡು ಮನೆಗೆ ಹೋದ್ಯಾ?" ಎಲ್ಲರೂ ನಗುತ್ತಿದ್ದರು. ಅಣ್ಣನೂ ನಗುತ್ತಿದ್ದರು. ಹದಿಮೂರು ವರ್ಷ ನಕ್ಕಿದ್ದಾರೆ.

ಈ ವರ್ಷ ಕೆಲಸ ಕಾಯಂ ಮಾಡಿ ಎಂದು ಅರ್ಜಿ ಕೊಟ್ಟರು. ಸಾಹೇಬರು ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಹತ್ತು ದಿನಕ್ಕೆ ಬೇಕಾದ್ದನ್ನ ಯಾರಾದ್ರೂ ವರ್ಷವೆಲ್ಲಾ ಸಾಕ್ತಾರೇನಯ್ಯಾ?" ಎಂದರು.

ಈ ಸಲದ ಫಲಿತಾಂಶಕ್ಕೆ ನಾಲ್ಕು ಪ್ರೊಸೆಸರೂ ಬೇಕೆಂದು ಅಣ್ಣ ಬರೆದುಕೊಟ್ಟಿದ್ದರು. ಸಾಹೇಬರು ಕೆಂಪು ಪೆನ್ನಿನಲ್ಲಿ ಎರಡು ಮಾಡಿದರು. ಅವನ್ನು ಎಬ್ಬಿಸಿದ ಆರನೆಯ ದಿನ ಫಲಿತಾಂಶದ ಪುಟ ಎರಡು ಗಂಟೆ ಕಲ್ಲಿನಂತೆ ನಿಂತಿತು. ಮೇಲಿನವರಿಗೆ ಒಂದು ತಲೆದಂಡ ಬೇಕಿತ್ತು. ಮಧ್ಯಾಹ್ನದೊಳಗೆ ಕಾವಲುಗಾರ ಬಂದು ಅಣ್ಣನ ಕೊರಳಿಂದ ಗುರುತಿನ ಚೀಟಿ ತೆಗೆದುಕೊಂಡ. ಕೆಂಪು ಪೆನ್ನಿನ ಕಾಗದ ಆಮೇಲೆ ಕಡತದಲ್ಲಿ ಸಿಗಲಿಲ್ಲ.

ಒಂದು ಆಸ್ಪತ್ರೆಯ ಸರ್ವರ್ ಕೋಣೆಯಲ್ಲಿ ಅವರಿಗೆ ಕೆಲಸ ಸಿದ್ಧವಿದೆ. ಸೋಮವಾರ ಅನುಭವ ಪತ್ರ ತಂದರೆ ಸಾಕು. "ಶುಕ್ರವಾರ ನಾಲ್ಕಕ್ಕೆ ಅವಧಿ ಮುಗಿಯಲಿ. ದಾಖಲೆ ನೋಡಿ ಬರೀತೀನಿ. ಉಲ್ಲಂಘನೆ ಇದ್ರೆ ಅದನ್ನೂ ಬರೀತೀನಿ" ಎಂದರಂತೆ ಸಾಹೇಬರು. ನನ್ನನ್ನು ಕರೆದು ಹೇಳಿದ್ದು ಬೇರೆ: "ನೋಡಮ್ಮ, ನೀನು ಏನೂ ಮುಟ್ಬೇಡ. ಅವನು ಹಚ್ಚಿದ ದೀಪ, ಅವನೇ ಆರಿಸಲಿ." ಗೇಟು ದಾಟಲೂ ಬಿಡದಿದ್ದರೆ ಅವರು ಆರಿಸುವುದು ಹೇಗೆಂದು ನಾನು ಕೇಳಲಿಲ್ಲ. ಮುಂದಿನ ತಿಂಗಳು ನನ್ನ ಗುತ್ತಿಗೆ ಮುಗಿಯುತ್ತದೆ. ಮಗಳ ಶಿಶುವಿಹಾರ ಇರುವುದೂ ಕಚೇರಿಯ ಆವರಣದಲ್ಲೇ.

ಇವತ್ತು ಗುರುವಾರ. ಮಗಳ ಕೈ ಹಿಡಿದು ಹೊರಬಂದಾಗ ಅಣ್ಣ ಅದೇ ಸ್ವೆಟರಿನಲ್ಲಿ ನಿಂತಿದ್ದರು. ಬೆವರು ಕಿವಿಯ ಹಿಂದಿನಿಂದ ಇಳಿಯುತ್ತಿತ್ತು.

"ತೆಗೀಬಾರದಾ ಅಣ್ಣಾ, ಈ ಬಿಸಿಲಲ್ಲಿ?"

"ಒಳಗಿನ ಅಂಗಿ ಹರಿದಿದೆ ಕಣಮ್ಮ."

ಸಾಹೇಬರ ಅಪ್ಪಣೆಯನ್ನು ಅವರಿಗೆ ಹೇಳಿಬಿಟ್ಟೆ. ಯಾರು ಮುಟ್ಟಿದರೆಂದು ಯಂತ್ರ ಬರೆದಿಟ್ಟುಕೊಳ್ಳುತ್ತದೆ, ಅದನ್ನು ನನಗೆ ಕಲಿಸಿದವರೇ ಅವರು. ನನ್ನ ಮಗಳ ಚಪ್ಪಲಿ ನೋಡುತ್ತಾ ಹೇಳಿದರು:

"ಗೊತ್ತು ತಂಗಿ. ನಿನ್ನ ಹೆಸರು ಬೀಳತ್ತೆ. ಆದ್ರೂ ಕೇಳ್ತಿದೀನಿ, ಬೇರೆ ಯಾರನ್ನ ಕೇಳಲಿ? ನಾಳೆ ನಾಲ್ಕರೊಳಗೆ ಅವೆರಡನ್ನ ಮಲಗಿಸಿಬಿಡು. ಮೊದಲು ಬಿಡಿಸು, ಆಮೇಲೆ ಹಿಂದಿರುಗಿಸು. ಆಗಲ್ಲ ಅಂದ್ರೆ ಈಗಲೇ ಹೇಳ್ಬಿಡಮ್ಮ, ಆಸ್ಪತ್ರೆಯವರಿಗೆ ಕಾಯ್ಬೇಡಿ ಅಂತೀನಿ."